ಬಿಲ್ಲಿಗೂ ರೈಫಲ್‌ಗೂ ಒಂದೇ ರೇಂಜ್‌ಫೈಂಡರ್: ಆರಿಸುವಾಗ ಏನೇನು ನೋಡಬೇಕು

ಗುರಿ ಎಷ್ಟು ದೂರದಲ್ಲಿದೆ ಅಂತ ಬೆಳಕಿನಿಂದ ಅಳೆದು ಹೇಳುವ ಲೇಸರ್ ರೇಂಜ್‌ಫೈಂಡರ್ ಕೊಳ್ಳಲು ಹೊರಟವರ ಕಣ್ಣು ಮೊದಲು ಬೀಳುವುದು ಪೆಟ್ಟಿಗೆಯ ಮೇಲಿರುವ ದೊಡ್ಡ ಸಂಖ್ಯೆಯ ಮೇಲೆ. 1000 ಗಜ, 2000 ಗಜ, 3000 ಗಜ. ಆ ಸಂಖ್ಯೆಯನ್ನು ಕೊನೆಗೆ ನೋಡಿ. ಬೇಟೆಯಲ್ಲಿ ನಿಜವಾಗಿ ದೂರ ಅಳೆಯುವ ಗಳಿಗೆ ಬೇರೆಯೇ ಇರುತ್ತದೆ. ಬೆಳಕು ಇಳಿದಿರುತ್ತದೆ. ಜಿಂಕೆ ಅರ್ಧ ಪೊದೆಯ ಹಿಂದೆ ನಿಂತಿರುತ್ತದೆ. ಕೈಗೆ ಗ್ಲೌಸ್ ಹಾಕಿರುತ್ತೀರಿ, ಎದೆ ಡವಡವ ಅನ್ನುತ್ತಿರುತ್ತದೆ. ಆ ಕೆಲವೇ ಸೆಕೆಂಡುಗಳಲ್ಲಿ ಸರಿಯಾದ ಅಂಕೆಯನ್ನು ಕಣ್ಣಿಗೆ ಕಾಣುವಂತೆ ತೋರಿಸುವ ಸಾಧನ ಬೇಕು. ಮಿಕ್ಕಿದ್ದೆಲ್ಲ ಆಮೇಲೆ.

ನಾನು ಬಿಲ್ಲಿನಲ್ಲೂ ಬೇಟೆಯಾಡುತ್ತೇನೆ, ರೈಫಲ್‌ನಲ್ಲೂ ಆಡುತ್ತೇನೆ. ಲೈಸೆನ್ಸ್ ಹಿಡಿದು, ಸೀಸನ್ ನೋಡಿಕೊಂಡು, ಕಾನೂನು ಒಪ್ಪುವ ಜಾಗದಲ್ಲಿ ಮಾತ್ರ. ಎರಡಕ್ಕೂ ನನ್ನ ಕುತ್ತಿಗೆಯಲ್ಲಿ ತೂಗುವುದು ಒಂದೇ ರೇಂಜ್‌ಫೈಂಡರ್. ಹೊಸಬರು ಜೊತೆಗೆ ಬಂದಾಗ "ಯಾವುದು ತಗೊಳ್ಳಲಿ?" ಅಂತ ಕೇಳುತ್ತಾರೆ. ನಾನು ಕಂಪನಿ ಹೆಸರು ಹೇಳುವುದಿಲ್ಲ. "ನೀನು ಎಷ್ಟು ದೂರಕ್ಕೆ ಹೊಡೆಯುತ್ತೀಯ?" ಅಂತ ತಿರುಗಿ ಕೇಳುತ್ತೇನೆ. ಆ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಬಾಣಕ್ಕೆ ಒಂದೆರಡು ಮೀಟರ್ ಕೂಡ ದೊಡ್ಡದು

ಬಿಲ್ಲಿನಿಂದ ಶುರು ಮಾಡೋಣ. ದೂರದ ಲೆಕ್ಕ ತಪ್ಪಿದರೆ ಜಾಸ್ತಿ ಪೆಟ್ಟು ಬೀಳುವುದು ಇಲ್ಲೇ. ಒಂದು ಒಳ್ಳೆಯ ಕಾಂಪೌಂಡ್ ಬಿಲ್ಲಿನ (ತುದಿಗಳಲ್ಲಿ ರಾಟೆ ಇರುವ ಬಿಲ್ಲು) ಬಾಣ ಸೆಕೆಂಡಿಗೆ 82 ಮೀಟರ್ ವೇಗದಲ್ಲಿ ಹೋಗುತ್ತದೆ ಅಂತಿಟ್ಟುಕೊಳ್ಳಿ. ಬಿಲ್ಲುಗಾರರ ಲೆಕ್ಕದಲ್ಲಿ ಅದು ಸುಮಾರು 270 ಅಡಿ. ಜಿಂಕೆ 30 ಮೀಟರ್‌ನಲ್ಲಿದೆ ಎಂದು ಅಂದಾಜು ಮಾಡಿ 30ರ ಪಿನ್ (ಬಿಲ್ಲಿನ ಮೇಲೆ ಆ ದೂರಕ್ಕೆಂದು ಹೊಂದಿಸಿದ ಗುರಿಮೊನೆ) ಇಟ್ಟು ಬಿಟ್ಟಿರಿ. ಅದು ನಿಜವಾಗಿ 35ರಲ್ಲಿತ್ತು. ಗಾಳಿಯ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ ಬಾಣ ಸುಮಾರು 13 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಜಿಂಕೆಯ ಹೃದಯ ಮತ್ತು ಶ್ವಾಸಕೋಶ ಇರುವ ಜಾಗದ ಅಗಲ 20ರಿಂದ 25 ಸೆಂಟಿಮೀಟರ್. ನಡುವೆ ಗುರಿ ಇಟ್ಟಿದ್ದರೂ ಬಾಣ ಆ ಜಾಗದ ಅಂಚು ದಾಟಿ ಹೋಯಿತು ಅಂತ ಅರ್ಥ. ಅಂದರೆ ಪ್ರಾಣಿ ಗಾಯಗೊಂಡು ಓಡುತ್ತದೆ, ಸಿಗುವುದಿಲ್ಲ.

ರಾಟೆ ಇಲ್ಲದ, ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲಾದರೆ ಇನ್ನೂ ಕಷ್ಟ. ಬಾಣದ ವೇಗ ಸೆಕೆಂಡಿಗೆ 55 ಮೀಟರ್ ಇದ್ದರೆ, 20 ಮೀಟರ್ ಅಂದುಕೊಂಡು 25ರಲ್ಲಿರುವ ಪ್ರಾಣಿಗೆ ಬಿಟ್ಟ ಬಾಣ 20 ಸೆಂಟಿಮೀಟರ್ ಕೆಳಗೆ ಹೋಗುತ್ತದೆ. ಎರಡೇ ಮೀಟರ್ ತಪ್ಪಿದರೂ 7 ಸೆಂಟಿಮೀಟರ್. ಬಿಲ್ಲು ನಿಧಾನವಾದಷ್ಟೂ ರೇಂಜ್‌ಫೈಂಡರ್ ಜಾಸ್ತಿ ಬೇಕಾಗುತ್ತದೆ. ಬಹಳ ಜನ ಇದನ್ನು ಉಲ್ಟಾ ತಿಳಿದುಕೊಂಡಿದ್ದಾರೆ. ಹಳೇ ಕಾಲದ ಬಿಲ್ಲಿಗೆ ಎಲೆಕ್ಟ್ರಾನಿಕ್ಸ್ ಯಾಕೆ ಅನ್ನುತ್ತಾರೆ.

ರೈಫಲ್‌ನ ಕತೆ ಬೇರೆ. ಉದಾಹರಣೆಗೆ .308 ವಿಂಚೆಸ್ಟರ್ ಅನ್ನುವ ಬಗೆಯ ತೋಟಾ, 168 ಗ್ರೇನ್ ತೂಕದ ಗುಂಡು, 200 ಗಜಕ್ಕೆ ಜೀರೋ ಮಾಡಿದ್ದು, ಅಂದರೆ ಆ ದೂರದಲ್ಲಿ ಗುರಿ ಇಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಿದ್ದು. 100 ಗಜದಲ್ಲಿ ಗುಂಡು ಗುರಿಗಿಂತ ಸುಮಾರು ಎರಡು ಇಂಚು ಮೇಲೆ, 250ರಲ್ಲಿ ಮೂರು ನಾಲ್ಕು ಇಂಚು ಕೆಳಗೆ. ಅಂದರೆ 250 ಗಜದ ಒಳಗೆ ಎಲ್ಲಿ ನಿಂತಿದ್ದರೂ ನಡುವೆ ಗುರಿ ಇಟ್ಟು ಹೊಡೆದರೆ ಸಾಕು. ಅಲ್ಲಿ ರೇಂಜ್‌ಫೈಂಡರ್ ಹೇಳುವುದು "ಇದು ನಿನ್ನ ಮಿತಿಯ ಒಳಗಿದೆ" ಅನ್ನುವ ಮಾತನ್ನಷ್ಟೇ. ಅದನ್ನು ದಾಟಿದ ಮೇಲೆ ಗುಂಡು ಬೇಗ ಬೇಗ ಇಳಿಯುತ್ತದೆ. 400 ಗಜ ಎಂದು ಲೆಕ್ಕ ಹಾಕಿ ಹೊಡೆದದ್ದು ನಿಜವಾಗಿ 450 ಆಗಿದ್ದರೆ ಗುಂಡು ಮುಕ್ಕಾಲು ಅಡಿಯಷ್ಟು ಕೆಳಗೆ ಬೀಳುತ್ತದೆ. ಬರಿಗಣ್ಣಿನ ಅಂದಾಜಿನಲ್ಲಿ 50 ಗಜ ತಪ್ಪುವುದು ಏನೂ ಅಲ್ಲ, ಅದರಲ್ಲೂ ಕಣಿವೆಯ ಆಚೆ ನಿಂತ ಪ್ರಾಣಿಯ ವಿಷಯದಲ್ಲಿ.

ಆದ್ದರಿಂದ ನಿಮ್ಮದು ಬರೀ ಬಿಲ್ಲಾದರೆ 5 ಮೀಟರ್‌ನಿಂದ 60, 70 ಮೀಟರ್‌ವರೆಗೆ ನಿಖರವಾಗಿ ಅಳೆಯುವ ಸಾಧನ ಸಾಕು. ಇಲ್ಲಿ ಕನಿಷ್ಠ ದೂರವನ್ನೂ ನೋಡಬೇಕು. ಕೆಲವು ಸಾಧನಗಳು 10 ಮೀಟರ್‌ಗಿಂತ ಹತ್ತಿರ ಇರುವುದನ್ನು ಅಳೆಯುವುದೇ ಇಲ್ಲ. ರೈಫಲ್ ಕೂಡ ಇದ್ದರೆ ಜಿಂಕೆಯ ಮೈ ಮೇಲೆ 400, 500 ಗಜ ನಂಬಿಕೆಯಿಂದ ಅಳೆಯುವಂಥದ್ದು ಬೇಕು. ಜಿಂಕೆಯ ಮೈ ಮೇಲೆ ಅಂತ ಯಾಕೆ ಒತ್ತಿ ಹೇಳಿದೆ ಅಂದರೆ, ಮುಂದಿನ ವಿಷಯವೇ ಅದು.

ಪೆಟ್ಟಿಗೆಯ ಸಂಖ್ಯೆ ಹುಟ್ಟುವ ಬಗೆ

ರೇಂಜ್‌ಫೈಂಡರ್ ಕಣ್ಣಿಗೆ ಕಾಣದ ಬೆಳಕಿನ ಚಿಕ್ಕ ಚಿಕ್ಕ ಮಿಡಿತಗಳನ್ನು ಕಳಿಸುತ್ತದೆ. ಹೆಚ್ಚಿನವು ಬಳಸುವುದು 905 ನ್ಯಾನೋಮೀಟರ್ ಅಲೆಯುದ್ದದ ಬೆಳಕು. ಅದು ಎದುರಿನ ವಸ್ತುವಿಗೆ ತಾಗಿ ವಾಪಸ್ ಬರಲು ತೆಗೆದುಕೊಂಡ ಸಮಯವನ್ನು ಸಾಧನ ಎಣಿಸುತ್ತದೆ. ಬೆಳಕು ಒಂದು ಮೀಟರ್ ಹೋಗಿ ಬರಲು ಸೆಕೆಂಡಿನ 15 ಕೋಟಿಯಲ್ಲಿ ಒಂದು ಭಾಗ ಸಾಕು. ಅಷ್ಟು ಚಿಕ್ಕ ಸಮಯವನ್ನು ಅಂಗೈಯಷ್ಟಗಲದ ಪೆಟ್ಟಿಗೆ ಅಳೆಯುತ್ತದೆ ಅನ್ನುವುದು ನನಗೆ ಇವತ್ತಿಗೂ ಬೆರಗು.

ಸಮಯ ಎಣಿಸಲು ಬೆಳಕು ವಾಪಸ್ ಬರಬೇಕಲ್ವಾ? ಎಷ್ಟು ಬರುತ್ತದೆ ಅನ್ನುವುದು ಎದುರಿಗಿರುವುದನ್ನು ಅವಲಂಬಿಸಿದೆ. ರಸ್ತೆ ಬದಿಯ ಪ್ರತಿಫಲಿಸುವ ಫಲಕ ಬಂದ ಬೆಳಕನ್ನು ಬಂದ ದಾರಿಯಲ್ಲೇ ಕಳಿಸುತ್ತದೆ. ಮರದ ಕಾಂಡ ಅದನ್ನು ಸುತ್ತಲೂ ಚೆಲ್ಲುತ್ತದೆ. ಕಪ್ಪು, ಒದ್ದೆ ಕೂದಲಿನ ಮೈ ಬಹಳಷ್ಟನ್ನು ನುಂಗಿಬಿಡುತ್ತದೆ. ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆ ಆ ಫಲಕಕ್ಕೆ ಸಂಬಂಧಿಸಿದ್ದು. ಒಳಗಿನ ಕೈಪಿಡಿಯಲ್ಲಿ ಅಥವಾ ಪೆಟ್ಟಿಗೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಮೂರು ಸಂಖ್ಯೆ ಬರೆದಿರುತ್ತಾರೆ: ಪ್ರತಿಫಲಿಸುವ ವಸ್ತು, ಮರ, ಜಿಂಕೆ. ಮೂರನೆಯದನ್ನು ಮಾತ್ರ ಓದಿ. ಸಾಮಾನ್ಯವಾಗಿ ಅದು ಮೊದಲನೆಯದರ ಅರ್ಧವೋ ಅದಕ್ಕಿಂತ ಕಡಿಮೆಯೋ ಇರುತ್ತದೆ. ಜಿಂಕೆಯ ಸಂಖ್ಯೆಯನ್ನೇ ಕೊಡದ ಸಾಧನವಾದರೆ ದೊಡ್ಡ ಸಂಖ್ಯೆಯ ಮೂರನೇ ಒಂದು ಭಾಗ ಅಂತ ಇಟ್ಟುಕೊಳ್ಳುವುದು ನನ್ನ ರೂಢಿ.

ಹಾಗಂತ ದೊಡ್ಡ ಸಂಖ್ಯೆಗೆ ಬೆಲೆಯೇ ಇಲ್ಲ ಅಂತಲ್ಲ. ಶಕ್ತಿಯ ದಾಸ್ತಾನು ಇರುವ ಸಾಧನ ಹತ್ತಿರದ ಕಷ್ಟದ ಗುರಿಯನ್ನೂ ಬೇಗ ಹಿಡಿಯುತ್ತದೆ. ಸುಡುಬಿಸಿಲಿನಲ್ಲಿ ಸೂರ್ಯನ ಬೆಳಕೇ ಸಂವೇದಕಕ್ಕೆ ಗದ್ದಲವಾಗುವುದರಿಂದ ಅಳೆಯುವ ದೂರ ಕುಗ್ಗುತ್ತದೆ. ಮಳೆಯಲ್ಲಿ, ಹಿಮದಲ್ಲಿ, ಮಂಜಿನಲ್ಲಿ ಬೆಳಕು ನಡುದಾರಿಯಲ್ಲೇ ಚದುರುತ್ತದೆ. ಅದಕ್ಕೇ ನಿಮ್ಮ ದೂರದ ಹೊಡೆತ 300 ಗಜವಾದರೆ ಜಿಂಕೆಯ ಮೇಲೆ 500, 600 ಗಜ ಹೇಳುವ ಸಾಧನ ನೋಡಿ. ಅದರಾಚೆಗೆ ಹಣ ಸುರಿಯುವುದು ಸುಮ್ನೆ.

ಕಿರಣ ಎಷ್ಟು ಅಗಲ, ಎಲ್ಲಿ ಬೀಳುತ್ತದೆ

ಜಾಹೀರಾತಿನಲ್ಲಿ ಇದರ ಮಾತೇ ಬರುವುದಿಲ್ಲ. ನನ್ನ ಪ್ರಕಾರ ರೈಫಲ್ ಬೇಟೆಗಾರರು ಮೊದಲು ಕೇಳಬೇಕಾದ್ದು ಇದನ್ನೇ.

ಲೇಸರ್ ಅಂದ ಕೂಡಲೇ ದಾರದಂಥ ಗೆರೆ ಕಣ್ಣ ಮುಂದೆ ಬರುತ್ತದೆ. ನಿಜದಲ್ಲಿ ಅದು ಟಾರ್ಚ್ ಬೆಳಕಿನ ಹಾಗೆ ದೂರ ಹೋದಂತೆ ಅಗಲವಾಗುತ್ತದೆ. ಎಷ್ಟು ಅಗಲವಾಗುತ್ತದೆ ಅನ್ನುವುದನ್ನು ಮಿಲಿರೇಡಿಯನ್‌ನಲ್ಲಿ ಹೇಳುತ್ತಾರೆ. ಒಂದು ಮಿಲಿರೇಡಿಯನ್ ಅಂದರೆ 100 ಮೀಟರ್‌ಗೆ 10 ಸೆಂಟಿಮೀಟರ್. ಕಿರಣದ ಎತ್ತರ 2 ಮಿಲಿರೇಡಿಯನ್ ಇದ್ದರೆ 400 ಮೀಟರ್‌ನಲ್ಲಿ ಅದು 80 ಸೆಂಟಿಮೀಟರ್ ಆಗುತ್ತದೆ. ಜಿಂಕೆಯ ಬೆನ್ನಿನಿಂದ ಹೊಟ್ಟೆಯವರೆಗೆ ಅಷ್ಟು ಇರುವುದಿಲ್ಲ. ಉಳಿದ ಬೆಳಕು ಎಲ್ಲಿ ಹೋಯಿತು? ಬೆನ್ನಿನ ಮೇಲಿಂದ ಹಾದು ಹಿಂದಿನ ಗುಡ್ಡಕ್ಕೆ ತಾಗಿತು, ಹೊಟ್ಟೆಯ ಕೆಳಗಿಂದ ಹಾದು ಆಚೆಯ ನೆಲಕ್ಕೆ ತಾಗಿತು. ನೀವು ಹುಲ್ಲಿನಲ್ಲಿ ಮಲಗಿ ನೋಡುತ್ತಿದ್ದರೆ ಕಿರಣದ ಕೆಳಗಿನ ಅಂಚು ನಿಮ್ಮ ಮುಂದಿನ ಹುಲ್ಲಿಗೇ ತಾಗಬಹುದು. ಆಗ ಡಿಸ್‌ಪ್ಲೇಯಲ್ಲಿ ಒಂದು ಅಂಕೆ ಬರುತ್ತದೆ. ಅದು ಜಿಂಕೆಯದ್ದೋ ಗುಡ್ಡದ್ದೋ ಹುಲ್ಲಿನದ್ದೋ ಸಾಧನ ಹೇಳುವುದಿಲ್ಲ.

ಆದ್ದರಿಂದ ದೂರಕ್ಕೆ ಹೊಡೆಯುವವರು ಕಿರಣದ ಅಗಲ ಕಡಿಮೆ ಇರುವ ಸಾಧನ ಹುಡುಕಿ. ಕಿರಣ ಬಹಳ ಸಾಧನಗಳಲ್ಲಿ ದುಂಡಗಿರುವುದಿಲ್ಲ, ಉದ್ದುದ್ದ ಪಟ್ಟಿಯ ಆಕಾರದಲ್ಲಿರುತ್ತದೆ. ಪಟ್ಟಿ ಅಡ್ಡಕ್ಕೆ ಮಲಗಿದ್ದರೆ ಅಡ್ಡ ನಿಂತ ಜಿಂಕೆಗೆ ಹೊಂದುತ್ತದೆ, ಮೇಲೆ ಕೆಳಗೆ ಸೋರುವುದು ಕಡಿಮೆ. ಬಿಲ್ಲಿನ ದೂರದಲ್ಲಿ ಈ ತಲೆಬಿಸಿ ಇಲ್ಲ. 30 ಮೀಟರ್‌ನಲ್ಲಿ ಕಿರಣ ಕೆಲವೇ ಸೆಂಟಿಮೀಟರ್.

ಇನ್ನೊಂದು ಸಂಗತಿ. ಡಿಸ್‌ಪ್ಲೇಯ ಗುರಿಚಿಹ್ನೆಯ ಸರಿಯಾದ ನಡುವಿಗೇ ಕಿರಣ ಹೋಗುತ್ತದೆ ಅಂತ ಖಾತ್ರಿ ಇಲ್ಲ. ಸ್ವಲ್ಪ ಎಡಕ್ಕೋ ಮೇಲಕ್ಕೋ ವಾಲಿರಬಹುದು. ಒಂದೇ ಮಾದರಿಯ ಎರಡು ಸಾಧನಗಳಲ್ಲೂ ಇದು ಬೇರೆ ಬೇರೆ ಇರುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ, ಪ್ರತಿ ಹೊಸ ಸಾಧನಕ್ಕೂ ನಾನು ಮಾಡುತ್ತೇನೆ. ಹಿಂದೆ ಬರೀ ಆಕಾಶ ಇರುವಂಥ ಒಂಟಿ ಕಂಬ ಹುಡುಕಿ. 100, 150 ಮೀಟರ್ ದೂರ ಇದ್ದರೆ ಒಳ್ಳೆಯದು. ಸಾಧನವನ್ನು ಟ್ರೈಪಾಡ್ ಮೇಲೋ ಮರಳಿನ ಚೀಲದ ಮೇಲೋ ಅಲುಗದಂತೆ ಇಡಿ. ಬಟನ್ ಒತ್ತಿ ಹಿಡಿದು, ಬಿಡದೆ ಅಳೆಯುತ್ತಲೇ ಇರುವ ಸ್ಕ್ಯಾನ್ ಮೋಡ್ ಶುರು ಮಾಡಿ. ಗುರಿಚಿಹ್ನೆಯನ್ನು ಕಂಬದ ಎಡಕ್ಕೆ ಆಕಾಶದಲ್ಲಿಟ್ಟು ನಿಧಾನಕ್ಕೆ ಬಲಕ್ಕೆ ತನ್ನಿ. ಆಕಾಶದಲ್ಲಿರುವಾಗ ಬರೀ ಗೆರೆಗಳು ಕಾಣುತ್ತವೆ. ಒಂದು ಕ್ಷಣದಲ್ಲಿ ಅಂಕೆ ಮೂಡುತ್ತದೆ. ಆಗ ಕಂಬ ಗುರಿಚಿಹ್ನೆಯ ಯಾವ ಭಾಗದಲ್ಲಿದೆ ನೋಡಿಕೊಳ್ಳಿ. ಹಾಗೇ ಮುಂದುವರಿಸಿ, ಅಂಕೆ ಮಾಯವಾಗುವಾಗ ಎಲ್ಲಿದೆ ನೋಡಿ. ಈ ಎರಡು ಜಾಗಗಳ ನಡುವೆ ನಿಮ್ಮ ಕಿರಣ ಇದೆ. ಮೇಲೆ ಕೆಳಗಿನದನ್ನು ತಿಳಿಯಲು ಮನೆಯ ಸೂರಿನ ಅಂಚನ್ನೋ ಬೇರೆ ಅಡ್ಡ ಗೆರೆಯನ್ನೋ ಬಳಸಿ, ಮೇಲಿನ ಆಕಾಶದಿಂದ ಕೆಳಕ್ಕೆ ಇಳಿಸಿ. ನಾನು ಒಂದು ಚೀಟಿಯಲ್ಲಿ ಚಿಕ್ಕ ಚಿತ್ರ ಬರೆದು ಸಾಧನದ ಚೀಲದೊಳಗೆ ಇಟ್ಟಿರುತ್ತೇನೆ: ಗುರಿಚಿಹ್ನೆ, ಅದರೊಳಗೆ ಕಿರಣದ ಪಟ್ಟಿ. ನನ್ನದು ಕೆಳಗಡೆ ಬಲಕ್ಕೆ ಸ್ವಲ್ಪ ವಾಲಿದೆ. ದೂರದ ಪ್ರಾಣಿಗೆ ಗುರಿಚಿಹ್ನೆಯ ಆ ಮೂಲೆಯನ್ನೇ ಇಡುತ್ತೇನೆ, ಅಂಕೆ ತಟ್ಟನೆ ಬರುತ್ತದೆ. ವಾಲಿಕೆ ತೀರಾ ಜಾಸ್ತಿ ಇದ್ದು ಕಿರಣ ಗುರಿಚಿಹ್ನೆಯ ಹೊರಗೇ ಬೀಳುತ್ತಿದ್ದರೆ ಸಾಧನ ವಾಪಸ್ ಕೊಡಿ, ಬೇರೆ ತಗೊಳ್ಳಿ.

ಹತ್ತಿರದ್ದನ್ನು ಹೇಳಬೇಕೋ, ದೂರದ್ದನ್ನೋ?

ಒಂದೇ ಕಿರಣ ಎಲೆಗೂ ಜಿಂಕೆಗೂ ಗುಡ್ಡಕ್ಕೂ ತಾಗಿದಾಗ ಮೂರು ಉತ್ತರ ವಾಪಸ್ ಬರುತ್ತವೆ. ಯಾವುದನ್ನು ತೋರಿಸಬೇಕು ಅನ್ನುವುದಕ್ಕೆ ಸಾಧನಗಳಲ್ಲಿ ಎರಡು ಮೋಡ್ ಇರುತ್ತವೆ. ಒಂದು ಹತ್ತಿರದ ವಸ್ತುವನ್ನು ಹೇಳುತ್ತದೆ, ಇನ್ನೊಂದು ದೂರದ್ದನ್ನು. ಗಾಲ್ಫ್ ಆಟಗಾರರಿಗೆ ಹತ್ತಿರದ್ದು ಬೇಕು, ಯಾಕೆಂದರೆ ಗುಳಿ ತೋರಿಸುವ ಬಾವುಟದ ಹಿಂದೆ ಮರಗಳಿರುತ್ತವೆ. ಬೇಟೆಗಾರರಿಗೆ ಹೆಚ್ಚು ಸಲ ದೂರದ್ದು ಬೇಕು, ಯಾಕೆಂದರೆ ಪ್ರಾಣಿಯ ಮುಂದೆ ಪೊದೆ ಇರುತ್ತದೆ. ಗಾಲ್ಫ್‌ಗೆಂದೇ ಮಾಡಿದ ಸಾಧನವನ್ನು ಬೇಟೆಗೆ ತರಬೇಡಿ ಅನ್ನುವುದು ಇದೇ ಕಾರಣಕ್ಕೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ದೂರದ ಮೋಡ್ ಇಟ್ಟುಬಿಟ್ಟರೆ ಎಲ್ಲ ಮುಗಿಯಿತು ಅಂತಲೂ ಇಲ್ಲ. ಹುಲ್ಲುಗಾವಲಿನ ಇಳಿಜಾರಿನಲ್ಲಿ ನಿಂತ ಪ್ರಾಣಿಗೆ ಅದು ಹಿಂದಿನ ಗುಡ್ಡದ ದೂರ ಹೇಳಿಬಿಡುತ್ತದೆ. ನಾನು ಮಾಡುವುದು ಇಷ್ಟು. ಸ್ಕ್ಯಾನ್ ಮೋಡ್‌ನಲ್ಲಿ ಪ್ರಾಣಿಯ ಮೈ ಮೇಲೆ, ಕಾಲ ಬುಡದ ನೆಲದ ಮೇಲೆ, ಪಕ್ಕದ ಬಂಡೆಯ ಮೇಲೆ ಒಂದು ಸುತ್ತು ಆಡಿಸುತ್ತೇನೆ. ಅಂಕೆಗಳು 312, 314, 311 ಅಂತ ಒಂದರ ಹತ್ತಿರ ಒಂದು ಬಂದರೆ ನಂಬುತ್ತೇನೆ. ನಡುವೆ 365 ಅಂತ ಬಂದರೆ ಅದು ಗುಡ್ಡ. ಇದಕ್ಕೆ ಸ್ಕ್ಯಾನ್ ಚುರುಕಾಗಿರಬೇಕು. ಅಂಕೆ ಬದಲಾಗಲು ಒಂದೊಂದು ಸೆಕೆಂಡ್ ಕಾಯಿಸುವ ಸಾಧನದಲ್ಲಿ ಇದು ಆಗುವುದಿಲ್ಲ. ಮೋಡ್ ಬದಲಿಸುವುದು ಎಷ್ಟು ಸುಲಭ ಅಂತಲೂ ನೋಡಿ. ಮೆನುವಿನೊಳಗೆ ಮೆನು ಹೊಕ್ಕು ಬದಲಿಸಬೇಕಾದರೆ ಕಾಡಿನಲ್ಲಿ ಯಾರೂ ಬದಲಿಸುವುದಿಲ್ಲ.

ಇಳಿಜಾರಿನ ಲೆಕ್ಕ

ಬಹುತೇಕ ಬೇಟೆ ರೇಂಜ್‌ಫೈಂಡರ್‌ಗಳು ಈಗ ಕೋನವನ್ನೂ ಅಳೆದು, "ಈ ದೂರಕ್ಕೆ ಹೊಡೆ" ಅಂತ ತಿದ್ದಿದ ಅಂಕೆ ಕೊಡುತ್ತವೆ. ಬುಷ್ನೆಲ್ ಕಂಪನಿ ಇದನ್ನು ಎ.ಆರ್.ಸಿ. ಅನ್ನುತ್ತದೆ, ಲೂಪೋಲ್ಡ್ ಟಿ.ಬಿ.ಆರ್. ಅನ್ನುತ್ತದೆ. ಹೆಸರು ಏನೇ ಇರಲಿ, ಮೂಲ ಲೆಕ್ಕ ಒಂದೇ. ಬಾಣವನ್ನೋ ಗುಂಡನ್ನೋ ಭೂಮಿ ನೇರ ಕೆಳಕ್ಕೆ ಎಳೆಯುತ್ತದೆ. ಹಾಗಾಗಿ ಓರೆಯಾಗಿ ಅಳೆದ ದೂರಕ್ಕಿಂತ ನೆಲದ ಮಟ್ಟದ ಅಡ್ಡ ದೂರ ಮುಖ್ಯ. 40 ಮೀಟರ್ ಓರೆ ದೂರ, 30 ಡಿಗ್ರಿ ಇಳಿಜಾರು ಅಂದರೆ ಅಡ್ಡ ದೂರ 34.6 ಮೀಟರ್. 40ರ ಪಿನ್ ಇಟ್ಟು ಬಿಟ್ಟರೆ ಮೇಲೆ ಹೇಳಿದ ಕಾಂಪೌಂಡ್ ಬಾಣ ಸುಮಾರು 15 ಸೆಂಟಿಮೀಟರ್ ಮೇಲೆ ಹೋಗುತ್ತದೆ. ಏರಿಗೆ ಹೊಡೆದರೂ ಇಳಿಜಾರಿಗೆ ಹೊಡೆದರೂ ಮೇಲಕ್ಕೇ.

ಆದರೆ ಇದನ್ನು ಮಾರುವಾಗ ಯಾವಾಗಲೂ ಮರದ ಮೇಲಿನ ಅಟ್ಟಣೆಯ ಚಿತ್ರ ಹಾಕುತ್ತಾರೆ. ಲೆಕ್ಕ ಹಾಕಿ ನೋಡಿ. ಅಟ್ಟಣೆ 6 ಮೀಟರ್ ಎತ್ತರ, ಜಿಂಕೆ ಬುಡದಿಂದ 20 ಮೀಟರ್ ದೂರ. ಓರೆ ದೂರ 20.9 ಮೀಟರ್. ವ್ಯತ್ಯಾಸ ಒಂದು ಮೀಟರ್ ಕೂಡ ಇಲ್ಲ! ಸಮತಟ್ಟಾದ ಕಾಡಿನಲ್ಲಿ ಅಟ್ಟಣೆಯಿಂದಷ್ಟೇ ಬೇಟೆಯಾಡುವವರಿಗೆ ಕೋನದ ತಿದ್ದುಪಡಿ ಅಷ್ಟೇನೂ ಕೆಲಸಕ್ಕೆ ಬರುವುದಿಲ್ಲ. ಅದಿಲ್ಲದ ಸಾಧನ ಇದ್ದರೂ ಒಂದು ಉಪಾಯ ಇದೆ: ಪ್ರಾಣಿ ಬರುವ ಜಾಗದ ಪಕ್ಕದ ಮರವನ್ನು ನಿಮ್ಮ ಕಣ್ಣಿನ ಮಟ್ಟದಲ್ಲೇ, ಕಾಂಡದ ಮೇಲ್ಭಾಗದಲ್ಲಿ ಅಳೆಯಿರಿ. ನೇರ ಅಡ್ಡ ದೂರವೇ ಸಿಗುತ್ತದೆ. ಬೆಟ್ಟ ಗುಡ್ಡದಲ್ಲಿ ಬೇಟೆಯಾಡುವವರಿಗೆ ಮಾತ್ರ ಕೋನದ ತಿದ್ದುಪಡಿ ಬೇಕೇ ಬೇಕು. ಓರೆ ದೂರವನ್ನೂ ತಿದ್ದಿದ ದೂರವನ್ನೂ ಒಟ್ಟಿಗೆ ತೋರಿಸಿ ಗೊಂದಲ ಮಾಡುವ ಡಿಸ್‌ಪ್ಲೇ ನನಗೆ ಇಷ್ಟವಿಲ್ಲ. ಹೊಡೆಯುವ ಅಂಕೆ ಒಂದೇ ದೊಡ್ಡದಾಗಿ ಕಾಣಬೇಕು.

ಬಿಲ್ಲು ಮೋಡ್, ರೈಫಲ್ ಮೋಡ್ ಅಂತ ಎರಡೂ ಇರುವ ಸಾಧನ ತಗೊಂಡರೆ ಸೀಸನ್ ಬದಲಾದಾಗ ಮೋಡ್ ಬದಲಿಸಲು ಮರೆಯಬೇಡಿ. ಗಜ, ಮೀಟರ್ ವಿಷಯವೂ ಹಾಗೇ. ಬಿಲ್ಲಿನ ಪಿನ್‌ಗಳನ್ನು ಗಜದಲ್ಲಿ ಹೊಂದಿಸಿ ಸಾಧನವನ್ನು ಮೀಟರ್‌ನಲ್ಲಿ ಬಿಟ್ಟರೆ, 40 ಅಂತ ಕಂಡ ಪ್ರಾಣಿ ನಿಜಕ್ಕೂ 43.7 ಗಜದಲ್ಲಿ ನಿಂತಿರುತ್ತದೆ.

ಮುಸ್ಸಂಜೆಯಲ್ಲಿ ಅಂಕೆ ಕಾಣಬೇಕು

ಬಿಸಿಲಿಲ್ಲದ ಹೊತ್ತಿನಲ್ಲಿ ಲೇಸರ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಕಷ್ಟಪಡುವುದು ನಿಮ್ಮ ಕಣ್ಣು. ಕಡಿಮೆ ಬೆಲೆಯ ಸಾಧನಗಳಲ್ಲಿ ಕಪ್ಪು ಎಲ್‌ಸಿಡಿ ಅಂಕೆ ಇರುತ್ತದೆ. ಹಗಲಿನಲ್ಲಿ ಚೆನ್ನಾಗೇ ಕಾಣುತ್ತದೆ. ಮುಸ್ಸಂಜೆ, ಕಪ್ಪು ಕಾಡಿನ ಎದುರು, ಕಂದು ಬಣ್ಣದ ಮೈ ಮೇಲೆ ಕಪ್ಪು ಅಂಕೆ! ನಾನು ಮೊದಲು ಬಳಸಿದ ಸಾಧನ ಅಂಥದ್ದೇ. ಪ್ರಾಣಿಗಳು ಹೊರಬರುವ ಹೊತ್ತಿಗೆ ಸರಿಯಾಗಿ ಅದರ ಅಂಕೆ ಕಾಣದಾಗುತ್ತಿತ್ತು. ಅಂಕೆ ಓದಲು ಅದನ್ನು ಆಕಾಶದ ಕಡೆ ತಿರುಗಿಸಬೇಕಾಗುತ್ತಿತ್ತು, ಅಷ್ಟು ಅಲುಗಾಟ ಸಾಕು ಜಿಂಕೆ ತಲೆ ಎತ್ತಲು. ಎಲ್‌ಸಿಡಿ ಪದರ ಬರುವ ಬೆಳಕನ್ನೂ ಸ್ವಲ್ಪ ತಿನ್ನುತ್ತದೆ, ನೋಟ ಮಂಕಾಗುತ್ತದೆ. ಕೊರೆಯುವ ಚಳಿಯಲ್ಲಿ ಅಂಕೆ ಮೂಡುವುದೂ ನಿಧಾನವಾಗುತ್ತದೆ.

ಅಂಕೆ ತಾನೇ ಬೆಳಗುವ ಕೆಂಪು ಓಎಲ್ಇಡಿ ಡಿಸ್‌ಪ್ಲೇಗೆ ಈ ತೊಂದರೆ ಇಲ್ಲ. ಆದರೆ ಅದರ ಹೊಳಪು ತಗ್ಗಿಸಲು ಬರಬೇಕು. ಹೊಳಪು ಜಾಸ್ತಿಯಾದರೆ ಕತ್ತಲಿಗೆ ಒಗ್ಗಿದ ಕಣ್ಣು ಕುಕ್ಕುತ್ತದೆ, ಅಂಕೆ ಬಿಟ್ಟು ಹಿಂದಿನ ಪ್ರಾಣಿಯೇ ಕಾಣುವುದಿಲ್ಲ. ಹಣ ಎಷ್ಟಿದೆಯೋ ಅಷ್ಟರಲ್ಲಿ ಒಂದನ್ನು ಬಿಟ್ಟು ಒಂದನ್ನು ಆರಿಸಬೇಕು ಅಂದರೆ, 1000 ಗಜ ಜಾಸ್ತಿ ಅಳೆಯುವ ಸಾಧನ ಬಿಟ್ಟು ಒಳ್ಳೆಯ ಡಿಸ್‌ಪ್ಲೇ ಇರುವುದನ್ನು ತಗೊಳ್ಳಿ. ಇದರಲ್ಲಿ ನನಗೆ ಎರಡನೇ ಯೋಚನೆಯೇ ಇಲ್ಲ.

ಗಾಜಿನ ವಿಷಯದಲ್ಲಿ 6x24 ಅನ್ನುವಂಥ ಎರಡು ಅಂಕೆ ಇರುತ್ತವೆ. ಮೊದಲನೆಯದು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ: 24 ಭಾಗಿಸು 6, ಅಂದರೆ 4 ಮಿಲಿಮೀಟರ್. ಮಬ್ಬಿನಲ್ಲಿ ಇದು 4ರ ಹತ್ತಿರ ಇರಲಿ. ಬರೀ ಬಿಲ್ಲಿಗೆ 5 ಪಟ್ಟು ಸಾಕು, ನೋಟದ ಹರವು ಜಾಸ್ತಿ ಸಿಗುತ್ತದೆ, ಪ್ರಾಣಿ ಬೇಗ ಸಿಕ್ಕುತ್ತದೆ. ಎರಡಕ್ಕೂ ಒಂದೇ ಅಂದರೆ 6 ಅಥವಾ 7. ಅದಕ್ಕಿಂತ ಜಾಸ್ತಿಯಾದರೆ ಕೈ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ, ಟ್ರೈಪಾಡ್ ಇಲ್ಲದೆ ನಿಲ್ಲುವುದಿಲ್ಲ. ಕನ್ನಡಕ ಹಾಕುವವರು ಕನ್ನಡಕದ ಮೇಲೇ ಇಟ್ಟು ನೋಡಿ, ನಾಲ್ಕು ಮೂಲೆಯೂ ಕಾಣುತ್ತದೆಯೇ ಅಂತ. ಇದನ್ನು ಓದಿ ತಿಳಿಯಲಾಗುವುದಿಲ್ಲ, ಕಣ್ಣಿಗಿಟ್ಟೇ ನೋಡಬೇಕು.

ಗುಂಡಿನ ಲೆಕ್ಕ ಮಾಡುವ ಸಾಧನಗಳು, ಮತ್ತೆ ಕೆಲವು ಮಾತು

ಈಗಿನ ದುಬಾರಿ ಸಾಧನಗಳು ದೂರದ ಜೊತೆ ತಾಪಮಾನ, ಗಾಳಿಯ ಒತ್ತಡ ಎಲ್ಲ ಅಳೆದು ಸ್ಕೋಪನ್ನು (ರೈಫಲ್ ಮೇಲಿನ ಗುರಿ ದುರ್ಬೀನು) ಎಷ್ಟು ತಿರುಗಿಸಬೇಕು ಅಂತಲೇ ಹೇಳುತ್ತವೆ. ಸಿಗ್ ಸಾವರ್ ಕಂಪನಿಯ ಬಿಡಿಎಕ್ಸ್ ಆ ಲೆಕ್ಕವನ್ನು ಬ್ಲೂಟೂತ್‌ನಲ್ಲಿ ಸ್ಕೋಪಿಗೇ ಕಳಿಸುತ್ತದೆ. ಒಳ್ಳೆಯ ಸೌಲಭ್ಯ, ಆದರೆ ನೀವು ತುಂಬುವ ಮಾಹಿತಿ ಸರಿ ಇದ್ದರೆ ಮಾತ್ರ. ನಿಮ್ಮ ರೈಫಲ್‌ನಿಂದ ಗುಂಡು ಹೊರಡುವ ವೇಗವನ್ನು ಕ್ರೋನೋಗ್ರಾಫ್ ಅನ್ನುವ ವೇಗಮಾಪಕದಲ್ಲಿ ಅಳೆಯದೆ ಗುಂಡಿನ ಡಬ್ಬಿಯ ಮೇಲಿನ ವೇಗ ಹಾಕಿದರೆ ಅದು ಬೇರೆ ಯಾವುದೋ ರೈಫಲ್‌ನ ಲೆಕ್ಕ. 400 ಗಜದ ಒಳಗೆ ಹೊಡೆಯುವವರಿಗೆ ರೈಫಲ್ ಹಿಡಿಯ ಮೇಲೆ ಅಂಟಿಸಿದ ಒಂದು ಚೀಟಿ ಸಾಕು: ಯಾವ ದೂರಕ್ಕೆ ಎಷ್ಟು ಇಳಿಕೆ. ಅದಕ್ಕೆ ಬ್ಯಾಟರಿಯೂ ಬೇಡ.

ಬೈನಾಕ್ಯುಲರ್‌ನಲ್ಲೇ ರೇಂಜ್‌ಫೈಂಡರ್ ಇರುವುದೂ ಸಿಗುತ್ತದೆ. ದಿನವಿಡೀ ಕಣಿವೆ ನೋಡುತ್ತಾ ಕೂರುವ ರೈಫಲ್ ಬೇಟೆಗಾರರಿಗೆ ಅದು ವರ. ಹುಡುಕಿದ ಕಣ್ಣಿನಲ್ಲೇ ದೂರವೂ ಸಿಗುತ್ತದೆ. ಬಿಲ್ಲುಗಾರರಿಗೆ ಭಾರ ಜಾಸ್ತಿ, ಎರಡು ಕೈಯೂ ಬೇಕು.

ಬಿಲ್ಲಿಗೇ ಜೋಡಿಸುವ ರೇಂಜ್‌ಫೈಂಡರ್ ಕೂಡ ಇದೆ. 2018ರಲ್ಲಿ ಬಂದ ಗಾರ್ಮಿನ್ ಝೀರೋ ಎ1 ದೂರ ಅಳೆದು ತಾನೇ ಪಿನ್ ತೋರಿಸುತ್ತದೆ. ಕೊಳ್ಳುವ ಮುಂಚೆ ನೀವು ಬೇಟೆಯಾಡುವ ಜಾಗದ ನಿಯಮ ಓದಿ. ಬಿಲ್ಲಿಗೆ ಎಲೆಕ್ಟ್ರಾನಿಕ್ ಸಾಧನ ಕಟ್ಟುವುದನ್ನು ಕೆಲವು ಕಡೆ ನಿಷೇಧಿಸಿದ್ದಾರೆ. ಬಿಲ್ಲು ಬೇಟೆಯ ದಾಖಲೆ ಇಡುವ ಅಮೆರಿಕದ ಪೋಪ್ ಅಂಡ್ ಯಂಗ್ ಕ್ಲಬ್ ಕೂಡ ಅಂಥ ಬಿಲ್ಲಿನ ಬೇಟೆಯನ್ನು ದಾಖಲೆಗೆ ಸೇರಿಸುವುದಿಲ್ಲ. ಕೈಯಲ್ಲಿ ಹಿಡಿಯುವ ಸಾಧನಕ್ಕೆ ಆ ಕ್ಲಬ್‌ನ ತಕರಾರಿಲ್ಲ.

ನೀರಿನ ವಿಷಯದಲ್ಲಿ ಐಪಿಎಕ್ಸ್4 ಅಂದರೆ ಸಿಡಿಯುವ ನೀರು ತಡೆಯುತ್ತದೆ, ಐಪಿಎಕ್ಸ್7 ಅಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ತೊಂದರೆ ಇಲ್ಲ. ಎರಡನೆಯದನ್ನೇ ತಗೊಳ್ಳಿ. ಬ್ಯಾಟರಿ ಹೆಚ್ಚಾಗಿ ಸಿಆರ್2 ಲಿಥಿಯಂ ಇರುತ್ತದೆ, ಚಳಿಯಲ್ಲೂ ಚೆನ್ನಾಗಿ ನಡೆಯುತ್ತದೆ. ಚಾರ್ಜ್ ಮಾಡುವ ಬ್ಯಾಟರಿಯಾದರೆ ಚಳಿಯಲ್ಲಿ ಸಾಧನವನ್ನು ಅಂಗಿಯೊಳಗೆ ಇಟ್ಟುಕೊಳ್ಳಿ.

ಸದ್ದನ್ನು ಮರೆಯಬೇಡಿ. ಬಟನ್ ಟಕ್ ಅನ್ನುತ್ತದೆಯೇ? ಚೀಲದ ವೆಲ್ಕ್ರೋ ಪರ್ರ್ ಅನ್ನುತ್ತದೆಯೇ? 20 ಮೀಟರ್‌ನಲ್ಲಿರುವ ಜಿಂಕೆಗೆ ಎರಡೂ ಕೇಳುತ್ತವೆ. ಆಯಸ್ಕಾಂತದ ಮುಚ್ಚಳ ಇರುವ ಚೀಲ ಒಳ್ಳೆಯದು. ಗ್ಲೌಸ್ ಹಾಕಿದ ಒಂದೇ ಕೈಯಲ್ಲಿ ತೆಗೆದು, ಅಳೆದು, ಬಿಟ್ಟುಬಿಡಲು ಬರಬೇಕು. ಇನ್ನೊಂದು ಕೈಯಲ್ಲಿ ಬಿಲ್ಲಿರುತ್ತದಲ್ಲ.

ತಂದ ಮೇಲೆ

ಮೊದಲ ದಿನವೇ ಟೇಪ್ ಹಿಡಿದು 20, 30, 40 ಮೀಟರ್ ಗುರುತು ಹಾಕಿ, ಸಾಧನ ಏನು ಹೇಳುತ್ತದೆ ನೋಡಿ. ಒಂದು ಮೀಟರ್ ಹೆಚ್ಚು ಕಡಿಮೆ ಸಾಮಾನ್ಯ. ಪ್ರತಿ ಸಲವೂ ಒಂದೇ ಕಡೆಗೆ ಒಂದೇ ಅಳತೆಯಲ್ಲಿ ತಪ್ಪಿದರೆ ತೊಂದರೆ ಇಲ್ಲ, ಪಿನ್ ಹೊಂದಿಸುವಾಗ ಇದೇ ಸಾಧನದ ಅಂಕೆಯನ್ನು ಬಳಸಿ. ಒಮ್ಮೆ 28 ಒಮ್ಮೆ 31 ಅಂದರೆ ವಾಪಸ್ ಕೊಡಿ. ಆಮೇಲೆ ಎಲೆಗಳ ನಡುವಿನಿಂದ ಹಿಂದಿನ ಮರ ಅಳೆಯಿರಿ. ಸೂರ್ಯ ಮುಳುಗಿದ ಅರ್ಧ ಗಂಟೆಯ ನಂತರ ಕಪ್ಪು ಕಾಂಡವೊಂದನ್ನು ಅಳೆಯಿರಿ. ಕಿಟಕಿಯ ಗಾಜಿನ ಮೂಲಕ ಪರೀಕ್ಷಿಸಬೇಡಿ, ಗಾಜೇ ಬೆಳಕನ್ನು ವಾಪಸ್ ಕಳಿಸಿ ಅಂಕೆ ಕೆಡಿಸುತ್ತದೆ.

ಬಿಲ್ಲು ಬೇಟೆಗೆ ಹೋದಾಗ ಪ್ರಾಣಿ ಬರುವ ಮುಂಚೆಯೇ ಸುತ್ತಲಿನದನ್ನು ಅಳೆದಿಡಿ. ಆ ಬಂಡೆ 18, ಬಾಗಿದ ಮರ 27, ದಾರಿ ತಿರುಗುವ ಜಾಗ 34. ಬಿಲ್ಲು ಎಳೆದು ಹಿಡಿದ ಮೇಲೆ ಕೈಯಲ್ಲಿ ಹಿಡಿಯುವ ರೇಂಜ್‌ಫೈಂಡರ್ ಇದ್ದೂ ಇಲ್ಲದ ಹಾಗೆ. ಪ್ರಾಣಿ ಬಂಡೆಯಿಂದ ಮರದ ಕಡೆ ನಡೆದರೆ ಯಾವ ಪಿನ್ ಅಂತ ಆಗಲೇ ಗೊತ್ತಿರಬೇಕು.

ಒಳ್ಳೆಯ ಸಾಧನ ಕೈಗೆ ಬಂದ ಮೇಲೆ ಇನ್ನಷ್ಟು ದೂರಕ್ಕೆ ಹೊಡೆಯುವ ಆಸೆ ಎಲ್ಲರಿಗೂ ಬರುತ್ತದೆ. ಅಂಕೆ ಸರಿಯಾಗಿ ಬಂದಿದೆ, ಪಿನ್ ಇದೆ, ಯಾಕೆ ಹೊಡೆಯಬಾರದು ಅಂತ. ಬಾಣ 30 ಮೀಟರ್ ಹೋಗಲು 0.37 ಸೆಕೆಂಡ್ ತೆಗೆದುಕೊಳ್ಳುತ್ತದೆ. ಬಿಲ್ಲಿನ ಹೆದೆಯ ಸದ್ದು ಅದಕ್ಕಿಂತ ಎಷ್ಟೋ ಮೊದಲು, 0.09 ಸೆಕೆಂಡಿನಲ್ಲಿ ಜಿಂಕೆಯ ಕಿವಿ ಮುಟ್ಟುತ್ತದೆ. ಹೆದರಿದ ಜಿಂಕೆ ಓಡಲು ಮೈ ಕುಗ್ಗಿಸುತ್ತದೆ, ಬಾಣ ಬೆನ್ನಿನ ಮೇಲೆ ಹಾದುಹೋಗುತ್ತದೆ, ಇಲ್ಲವೇ ಬೆನ್ನಿಗೆ ತಾಗುತ್ತದೆ. ದೂರ ಹೆಚ್ಚಿದಷ್ಟೂ ಈ ಅಂತರ ಬೆಳೆಯುತ್ತದೆ, ಯಾವ ಲೇಸರ್ ಕೂಡ ಇದನ್ನು ತಿದ್ದಲಾರದು. ಹಾಗಾಗಿ ಸೀಸನ್ ಶುರುವಾಗುವ ಮುಂಚೆಯೇ, ಅಭ್ಯಾಸದ ಜಾಗದಲ್ಲಿ ನಿಮ್ಮ ಬಾಣಗಳು ಎಷ್ಟು ದೂರದವರೆಗೆ ಒಂದು ಊಟದ ತಟ್ಟೆಯಷ್ಟು ಜಾಗದೊಳಗೆ ಬೀಳುತ್ತವೆ ನೋಡಿ. ಆ ದೂರವನ್ನು ಸಾಧನದ ಬೆನ್ನಿನ ಮೇಲೆ ಒಂದು ಟೇಪಿನ ತುಂಡಿನಲ್ಲಿ ಬರೆದು ಅಂಟಿಸಿ. ರೈಫಲ್‌ಗೆ ಇನ್ನೊಂದು ತುಂಡು. ಡಿಸ್‌ಪ್ಲೇಯ ಅಂಕೆ ಅದಕ್ಕಿಂತ ದೊಡ್ಡದಿದ್ದರೆ ಬಿಲ್ಲನ್ನು ಕೆಳಗಿಳಿಸಿ, ಪ್ರಾಣಿ ಹತ್ತಿರ ಬರಲು ಕಾಯಿರಿ.